ಸಂವತ್ಸರ ಚಕ್ರ: ಆಧುನಿಕ ಪೇಗನರ ಎಂಟು ಋತುಪರ್ವಗಳು

'ಪೇಗನ್' ಎಂಬ ಪದಕ್ಕೆ ಮೂಲವಾದ ಲ್ಯಾಟಿನ್ ಶಬ್ದವು ಹಳ್ಳಿಗನೆಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. ಕ್ರೈಸ್ತಮತವು ರೋಮ್ ಸಾಮ್ರಾಜ್ಯದಲ್ಲಿ ಹರಡಿದ ಮೇಲೆ ಆ ಮತವನ್ನು ಒಪ್ಪದವರಿಗೆಲ್ಲ ಅದೊಂದು ಹೀಯಾಳಿಕೆಯ ಹೆಸರಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಬ್ರಿಟನ್, ಅಮೆರಿಕ ಮೊದಲಾದ ದೇಶಗಳ ಕೆಲವರು ಅದೇ ಹೆಸರನ್ನು ಅಭಿಮಾನದಿಂದ ಧರಿಸಿ, ಪ್ರಕೃತಿಯ ಉಪಾಸನೆಯನ್ನೇ ತಮ್ಮ ಧರ್ಮವನ್ನಾಗಿ ಮಾಡಿಕೊಂಡರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 74,000 ಮಂದಿ ತಮ್ಮನ್ನು ಪೇಗನರೆಂದೂ, ಸುಮಾರು 13,000 ಮಂದಿ ಅದರ ಒಂದು ಶಾಖೆಯಾದ ವಿಕ್ಕ ಪಂಥದವರೆಂದೂ ಬರೆಯಿಸಿರುವರು. ಸಂಖ್ಯೆ ಅಲ್ಪವೇ ಸರಿ. ಆದರೆ ಅವರು ಆಚರಿಸುವ ಎಂಟು ಋತುಪರ್ವಗಳ ಚರಿತ್ರೆಯು ಇತಿಹಾಸದ ವಿದ್ಯಾರ್ಥಿಗಳ ಮುಂದೆ ಒಂದು ಮುಖ್ಯ ಪ್ರಶ್ನೆಯನ್ನಿಡುತ್ತದೆ. ಒಂದು ಆಚರಣೆ ತಾನು ಪುರಾತನವೆಂದು ಹೇಳಿಕೊಂಡಾಗ ಆ ಮಾತನ್ನು ಪರೀಕ್ಷಿಸುವ ಬಗೆ ಯಾವುದು? ಪರೀಕ್ಷೆಯಲ್ಲಿ ಆ ಮಾತು ನಿಲ್ಲದೆ ಹೋದರೆ ಆಚರಣೆಗೆ ಉಳಿಯುವ ಬೆಲೆ ಏನು? ಇವನ್ನು ನಾವು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ಮೊದಲು ಪರ್ವಗಳ ಸ್ವರೂಪವನ್ನು ತಿಳಿಯಬೇಕು. ಎಂಟರಲ್ಲಿ ನಾಲ್ಕು ಸೂರ್ಯನ ಗತಿಯನ್ನು ಅನುಸರಿಸುವಂಥವು: ಡಿಸೆಂಬರ್ 21ರ ಸುಮಾರಿಗೆ ಯೂಲ್, ಮಾರ್ಚ್ 20ರ ಸುಮಾರಿಗೆ ವಸಂತ ವಿಷುವದ ಓಸ್ಟಾರ, ಜೂನ್ 21ರ ಸುಮಾರಿಗೆ ಲಿಥ, ಸೆಪ್ಟೆಂಬರ್ 22ರ ಸುಮಾರಿಗೆ ಶರದ್ವಿಷುವದ ಮೇಬನ್. ಉಳಿದ ನಾಲ್ಕು ಇವುಗಳ ನಡುವೆ ಬರುತ್ತವೆ: ಫೆಬ್ರವರಿ ಮೊದಲಲ್ಲಿ ಇಮ್‌ಬೊಲ್ಕ್, ಮೇ ಮೊದಲಲ್ಲಿ ಬೆಲ್ಟೇನ್, ಆಗಸ್ಟ್ ಮೊದಲಲ್ಲಿ ಲೂನಸ, ಅಕ್ಟೋಬರ್ 31ರ ಸಂಜೆಯಿಂದ ಸವಿನ್. ಈ ಎಂಟೂ ಸೇರಿ ಆದುದೇ 'ಸಂವತ್ಸರ ಚಕ್ರ'. ನಮ್ಮ ಮಕರ ಸಂಕ್ರಾಂತಿಯು ನಿರಯನ ಗಣನೆಗೆ ಸೇರಿದುದರಿಂದ ಜನವರಿ 14 ಅಥವಾ 15ರಂದು ಬರುತ್ತದೆ. ಪೇಗನರ ಯೂಲ್ ಸಾಯನ ಗಣನೆಯದು. ಹಗಲು ಬೆಳೆಯಲು ನಿಜವಾಗಿ ತೊಡಗುವ ದಿನವೇ ಅವರ ಪರ್ವದಿನ.

ಈ ಚಕ್ರವು ಕ್ರೈಸ್ತಪೂರ್ವ ಯೂರೋಪಿನಿಂದ ಅವಿಚ್ಛಿನ್ನವಾಗಿ ನಡೆದುಬಂದಿತೆಂಬ ನಂಬಿಕೆ ಬಹುಕಾಲ ಪ್ರಚಾರದಲ್ಲಿತ್ತು. ಆಧಾರಗಳು ಹೇಳುವುದು ಬೇರೆ. ನಡುವಣ ನಾಲ್ಕು ಪರ್ವಗಳು ಐರ್ಲೆಂಡಿನ ಮಧ್ಯಯುಗದ ಸಾಹಿತ್ಯದಲ್ಲಿ ಸ್ಪಷ್ಟವಾಗಿ ಉಕ್ತವಾಗಿವೆ. ಎಮರ್ ಎಂಬ ಕನ್ಯೆಯ ವಿವಾಹದ ಕಥೆಯಲ್ಲಿ ವರ್ಷದ ವಿಭಾಗಗಳಾಗಿ ಅವು ಬರುತ್ತವೆ. ಕ್ರಿ.ಶ. 900ರ ಸುಮಾರಿನ ಕಾರ್ಮಾಕನ ನಿಘಂಟು ಬೆಲ್ಟೇನ್ ದಿನ ಎರಡು ಬೆಂಕಿಗಳ ನಡುವೆ ದನಗಳನ್ನು ಹಾಯಿಸುತ್ತಿದ್ದುದನ್ನು ತಿಳಿಸುತ್ತದೆ. ಇವು ಪಶುಪಾಲಕರ ಹಬ್ಬಗಳು. ಬೆಲ್ಟೇನ್ ಬಂದಾಗ ದನಗಳನ್ನು ಬೇಸಗೆಯ ಹುಲ್ಲುಗಾವಲಿಗೆ ಅಟ್ಟಬೇಕು. ಸವಿನ್ ಬಂದಾಗ ಹಿಂದಕ್ಕೆ ತರಬೇಕು. ಇತ್ತ ಯೂಲ್ ಜರ್ಮಾನಿಕ್ ಜನಾಂಗಗಳಿಗೆ ಸೇರಿದುದು. ಕ್ರಿ.ಶ. 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸಂನ್ಯಾಸಿಯು ಕಾಲಗಣನೆಯನ್ನು ಕುರಿತು ಬರೆದ ಗ್ರಂಥದಲ್ಲಿ ಆ ಹೆಸರಿನ ತಿಂಗಳುಗಳನ್ನು ದಾಖಲಿಸಿದ್ದಾನೆ. ಬೇಸಗೆಯ ನಡುವೆ ಬೆಂಕಿ ಹಾಕುವ ಪದ್ಧತಿಯೂ ಯೂರೋಪಿನ ಅನೇಕ ಪ್ರದೇಶಗಳಲ್ಲಿ ಹಳೆಯದೇ. ಆದರೆ ಒಂದೇ ಜನಾಂಗವು ಈ ಎಂಟನ್ನೂ ಸಮಾನವಾಗಿ ಆಚರಿಸಿತೆಂಬುದಕ್ಕೆ ಪ್ರಾಚೀನ ಪ್ರಮಾಣವಿಲ್ಲ. ಅರೆಗಳು ಹಳೆಯವು, ಚಕ್ರ ಹೊಸದು.

ಚಕ್ರವನ್ನು ಕೂಡಿಸಿದವರು ಯಾರು? ಕಲ್ಕತ್ತೆಯಲ್ಲಿ ಜನಿಸಿ ಲಂಡನ್ನಿನಲ್ಲಿ ಈಜಿಪ್ಟಿನ ಪ್ರಾಚ್ಯವಿದ್ಯೆಯನ್ನು ಬೋಧಿಸುತ್ತಿದ್ದ ಮಾರ್ಗರೆಟ್ ಮರ್‍ರೆ, ಮಾಟಗಾತಿಯರೆಂದು ದಂಡನೆಗೊಳಗಾದವರು ವಾಸ್ತವವಾಗಿ ಒಂದು ಪುರಾತನ ಧರ್ಮದ ಅನುಯಾಯಿಗಳೆಂದು 1921ರಲ್ಲಿ ಪ್ರತಿಪಾದಿಸಿದರು. ವಿಚಾರಣೆಯ ದಾಖಲೆಗಳನ್ನು ಮುಂದೆ ಪರಿಶೀಲಿಸಿದ ವಿದ್ವಾಂಸರು ಈ ವಾದವನ್ನು ತಳ್ಳಿಹಾಕಿದರು. ಆದರೂ ಅದರ ಪ್ರಭಾವ ದೊಡ್ಡದು. ಇಂಗ್ಲೆಂಡಿನ ಹಳೆಯ ಮಾಟವಿರೋಧಿ ಶಾಸನವು 1951ರಲ್ಲಿ ರದ್ದಾಯಿತು. 1954ರಲ್ಲಿ, ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತರಾಗಿದ್ದ ಜೆರಾಲ್ಡ್ ಗಾರ್ಡ್ನರ್, ಆ ಧರ್ಮವಿನ್ನೂ ಜೀವಂತವಾಗಿದೆಯೆಂದು ಸಾರುವ ಗ್ರಂಥವೊಂದನ್ನು ಪ್ರಕಟಿಸಿದರು. ಅದಕ್ಕೆ ಮರ್‍ರೆಯವರೇ ಮುನ್ನುಡಿ ಬರೆದರು. ಗಾರ್ಡ್ನರ್ ಪಂಥದವರು ಮೊದಲು ನಡುವಣ ನಾಲ್ಕು ಪರ್ವಗಳಿಗೆ ಪ್ರಾಧಾನ್ಯ ಕೊಡುತ್ತಿದ್ದರು. 1958ರ ಸುಮಾರಿಗೆ ಅಯನ ವಿಷುವಗಳಿಗೂ ಅದೇ ಸ್ಥಾನ ದೊರೆಯಿತು. ಅವರ ಮಿತ್ರ ರಾಸ್ ನಿಕೊಲ್ಸ್ 1964ರಲ್ಲಿ ಸ್ಥಾಪಿಸಿದ ಡ್ರೂಯಿಡ್ ಸಂಘವೂ ಎಂಟು ಪರ್ವಗಳನ್ನು ಸ್ವೀಕರಿಸಿತು. ಕೆಲವು ಹೆಸರುಗಳಂತೂ ಇನ್ನೂ ಈಚಿನವು. ಲಿಥ, ಓಸ್ಟಾರ, ಮೇಬನ್ ಎಂಬುವನ್ನು ಈ ಪರ್ವಗಳಿಗೆ ಇಟ್ಟವರು 1970ರ ದಶಕದಲ್ಲಿ ಅಮೆರಿಕದ ಏಡನ್ ಕೆಲ್ಲಿ. ಲಿಥ ಬೀಡ್ ಹೇಳಿದ ತಿಂಗಳಿನ ಹೆಸರು. ಓಸ್ಟಾರ ಬೀಡನ ಒಂದೇ ಉಲ್ಲೇಖದ ಆಧಾರದಿಂದ 1835ರಲ್ಲಿ ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ ಊಹಿಸಿದ ದೇವತೆ. ಮೇಬನ್ ವೇಲ್ಸಿನ ಪುರಾಣಕಥೆಯ ವೀರ, ಶರದ್ವಿಷುವಕ್ಕೂ ಅವನಿಗೂ ಪ್ರಾಚೀನ ಸಂಬಂಧವೇನೂ ಇಲ್ಲ.

ಇಷ್ಟರಿಂದ ಈ ಪರ್ವಗಳು ಕೇವಲ ಕೃತಕವೆಂದು ತೀರ್ಮಾನಿಸುವುದು ಆತುರವಾದೀತು. ಅವುಗಳಿಗಾಗಿ ಜನರು ಕಷ್ಟಪಟ್ಟಿದ್ದಾರೆ. 1985ರ ಜೂನ್ 1ರಂದು ಸ್ಟೋನ್‌ಹೆಂಜ್ ಶಿಲಾವೃತ್ತದ ಬಳಿಯ ಬೇಸಗೆಯ ಉತ್ಸವಕ್ಕೆಂದು ಹೊರಟಿದ್ದ ಜನರನ್ನು ಪೊಲೀಸರು ಬಲಪ್ರಯೋಗದಿಂದ ತಡೆದರು, ಅನೇಕರು ಬಂಧಿತರಾದರು. ಅನಂತರದ ವರ್ಷಗಳಲ್ಲಿ ಆ ಪರ್ವದ ಹೊತ್ತಿಗೆ ಅಲ್ಲಿ ಕೂಡುವುದಕ್ಕೆ ಅವಕಾಶವಿರಲಿಲ್ಲ. 2000ದಿಂದ ಮತ್ತೆ ಸಾರ್ವಜನಿಕರಿಗೆ ಪ್ರವೇಶ ದೊರೆತು, ಈಗ ಪೇಗನರೂ ಇತರರೂ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಸೂರ್ಯೋದಯವನ್ನು ನೋಡುತ್ತಾರೆ. ಎಡಿನ್‌ಬರೋ ನಗರದ ಕ್ಯಾಲ್ಟನ್ ಗುಡ್ಡದ ಮೇಲೆ 1988ರಲ್ಲಿ ಆರಂಭವಾದ ಬೆಲ್ಟೇನ್ ಅಗ್ನಿ ಉತ್ಸವವೂ ಜನಪ್ರಿಯವಾಗಿದೆ. ಆಸ್ಟ್ರೇಲಿಯದ ಉದಾಹರಣೆ ಇವೆಲ್ಲಕ್ಕಿಂತ ಬೋಧಪ್ರದವಾದುದು. ಅಲ್ಲಿ ಡಿಸೆಂಬರ್ ಎಂದರೆ ಬೇಸಗೆ. ಆದುದರಿಂದ ಅಲ್ಲಿನ ಪೇಗನರಲ್ಲಿ ಅನೇಕರು ಚಕ್ರವನ್ನು ಆರು ತಿಂಗಳು ತಿರುಗಿಸಿ, ಯೂಲ್ ಪರ್ವವನ್ನು ಜೂನ್ ತಿಂಗಳಲ್ಲಿ ಆಚರಿಸುತ್ತಾರೆ. ಪಂಚಾಂಗದ ತಾರೀಖಿಗಿಂತ ಕಣ್ಣೆದುರಿನ ಋತುವೇ ಅವರಿಗೆ ಪ್ರಮಾಣ.

ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಚರಿತ್ರಕಾರ ರೊನಾಲ್ಡ್ ಹಟ್ಟನ್ 1996 ಮತ್ತು 1999ರಲ್ಲಿ ಪ್ರಕಟಿಸಿದ ಎರಡು ಗ್ರಂಥಗಳು ಬ್ರಿಟನ್ನಿನ ಋತುಪರ್ವಗಳ ಹಾಗೂ ಪೇಗನ್ ಪಂಥದ ಚರಿತ್ರೆಯನ್ನು ಆಧಾರಸಹಿತವಾಗಿ ನಿರೂಪಿಸಿದುವು. ಪೇಗನರಲ್ಲಿ ಕೆಲವರು ಅವನ್ನು ವಿರೋಧಿಸಿದರು, ಅನೇಕರು ಒಪ್ಪಿಕೊಂಡರು. ಒಪ್ಪಿದವರು ತಮ್ಮ ಪರ್ವಗಳನ್ನೇನೂ ಬಿಟ್ಟುಬಿಡಲಿಲ್ಲ. ತಮ್ಮ ಧರ್ಮ ಹೊಸದೆಂದು ತಿಳಿದೇ ಅದನ್ನು ಆಚರಿಸುತ್ತಿದ್ದಾರೆ. ಪ್ರಾಚೀನತೆಯ ಪ್ರಶ್ನೆಗೆ ಉತ್ತರವನ್ನು ದಾಖಲೆಗಳಲ್ಲಿ ಹುಡುಕಬೇಕು; ಅಲ್ಲಿ ಭಕ್ತಿಗೂ ಅಭಿಮಾನಕ್ಕೂ ಸ್ಥಾನವಿಲ್ಲ. ಆಚರಣೆಯ ಅರ್ಥವೇನೆಂಬ ಪ್ರಶ್ನೆಗೆ ಉತ್ತರವನ್ನು ಆಚರಿಸುವವರ ಬದುಕಿನಲ್ಲಿ ಹುಡುಕಬೇಕು. ಅಲ್ಲಿ ಕಾಲನಿರ್ಣಯವೊಂದೇ ಸಾಲದು. ಈ ಎರಡನ್ನು ಬೆರಸದೆ, ಒಂದರ ಸಲುವಾಗಿ ಮತ್ತೊಂದನ್ನು ಬಲಿಗೊಡದೆ ನಡೆಯುವುದು ಚರಿತ್ರಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.