ಹಾಲಿನ ಲೆಕ್ಕ ಒಂದೇ ಕೈಯಲ್ಲಿರಬಾರದು



ಪಶುವೈದ್ಯರು ಬರೆದರೆ ಕೃತಕ ಗರ್ಭಧಾರಣೆ, ಕಾಲುಬಾಯಿ ಜ್ವರದ ಲಸಿಕೆ, ಕೆಚ್ಚಲು ಬಾವು ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ಸಂಘದ ಲೆಕ್ಕಪತ್ರದ ಬಗ್ಗೆ ಬರೆಯಲು ಕಾರಣವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಸದಸ್ಯರ ಮೊದಲ ಮಾತು, "ಡಾಕ್ಟ್ರೇ, ಫ್ಯಾಟ್ ಬರ್ತಿಲ್ಲ, ಹಸುವಿಗೆ ಏನಾದ್ರೂ ಔಷಧಿ ಕೊಡಿ" ಎಂಬುದೇ ಆಗಿರುತ್ತದೆ. ಔಷಧಿಗೆ ಮುಂಚೆ ನಾನು ಪಾಸ್ ಪುಸ್ತಕ ಕೇಳುತ್ತೇನೆ.

ಒಂದೇ ಮನೆಯ ಹಾಲಿನಲ್ಲಿ ಜಿಡ್ಡಿನಂಶ ಇಳಿದಿದ್ದರೆ ಕಾರಣ ಸಾಮಾನ್ಯವಾಗಿ ಕೊಟ್ಟಿಗೆಯಲ್ಲಿರುತ್ತದೆ. ಒಣಮೇವು ಕಡಿಮೆಯಾಗಿ ಪಶು ಆಹಾರ ಹೆಚ್ಚಾಗಿರಬಹುದು. ಹಾಲನ್ನು ಪೂರ್ತಿ ಕರೆಯದೆ ಬಿಟ್ಟಿರಬಹುದು. ಕೊನೆಯ ಧಾರೆಗಳಲ್ಲೇ ಜಿಡ್ಡು ಹೆಚ್ಚು. ಆದರೆ ಊರಿನ ಎಲ್ಲರ ಹಾಲಿನ ಫ್ಯಾಟ್ ಒಂದೇ ದಿನ 4.0 ರಿಂದ 3.4ಕ್ಕೆ ಇಳಿದರೆ ಅದಕ್ಕೆ ನನ್ನ ಬ್ಯಾಗಿನಲ್ಲಿ ಔಷಧಿಯಿಲ್ಲ. ಊರಿನ ಹಸುಗಳೆಲ್ಲ ಮಾತಾಡಿಕೊಂಡು ಫ್ಯಾಟ್ ಇಳಿಸುವುದಿಲ್ಲ. ಪರೀಕ್ಷಾ ಯಂತ್ರವನ್ನು ತೊಳೆದಿರುವುದಿಲ್ಲ, ಅಥವಾ ಸರಿಹೊಂದಿಸಿರುವುದಿಲ್ಲ, ಇಲ್ಲವೇ ಬರೆಯುವಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ರೈತರು ಆಣಂದ್‌ನಲ್ಲಿ ಒಕ್ಕೂಟ ಕಟ್ಟಿದ್ದು ದಲ್ಲಾಳಿಗಳ ಕಾಟದಿಂದ. ಹಾಲು ಅಳೆಯುವವನೂ ಅವನೇ, ದರ ಹೇಳುವವನೂ ಅವನೇ, ಹಣ ಕೊಡುವವನೂ ಅವನೇ ಆಗಿದ್ದ. ಅಳತೆ ಮತ್ತು ಪರೀಕ್ಷೆ ಎಲ್ಲರ ಕಣ್ಣೆದುರಿಗೆ ನಡೆಯಬೇಕೆಂಬುದು ಆ ಮಾದರಿಯ ಜೀವಾಳ. 1974ರ ನಂತರ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕಕ್ಕೆ ಬಂದದ್ದೂ ಇದೇ ಮಾದರಿ. ಈಗ ನಮ್ಮದೇ ಸಂಘದಲ್ಲಿ ಒಬ್ಬರೇ ಹಾಲು ಅಳೆದು, ಪರೀಕ್ಷೆ ಮಾಡಿ, ಪುಸ್ತಕ ಬರೆದು, ಸ್ಥಳೀಯ ಮಾರಾಟದ ಹಣವನ್ನೂ ಇಟ್ಟುಕೊಳ್ಳುವಂತಿದ್ದರೆ ನಾವು ಹಳೆಯ ದಾರಿಗೇ ಬಂದಂತಾಯಿತು. ಕಾರ್ಯದರ್ಶಿ ಎಷ್ಟೇ ಪ್ರಾಮಾಣಿಕರಾಗಿರಲಿ, ಇದು ಸರಿಯಲ್ಲ. ನಾಳೆ ಯಾರಾದರೂ ಬೆರಳು ತೋರಿಸಿದರೆ ಅವರನ್ನು ಕಾಪಾಡುವ ಎರಡನೆಯ ಸಾಕ್ಷಿ ಇರುವುದಿಲ್ಲ. ಪರೀಕ್ಷೆ ಒಬ್ಬರದು, ಬರಹ ಇನ್ನೊಬ್ಬರದು, ಸಂಜೆ ನಗದು ಎಣಿಸಿ ಸಹಿ ಮಾಡುವುದು ಆಡಳಿತ ಮಂಡಳಿಯ ಒಬ್ಬ ನಿರ್ದೇಶಕರದು ಎಂದು ಹಂಚಿಕೊಳ್ಳುವುದು ಸಣ್ಣ ಸಂಘದಲ್ಲೂ ಸಾಧ್ಯ.

ಲೆಕ್ಕ ಎಲ್ಲಿ ಸೋರುತ್ತದೆ ಎಂಬುದನ್ನು ಎರಡು ಉದಾಹರಣೆಗಳಿಂದ ನೋಡೋಣ. ಸದಸ್ಯರಿಂದ ಲೀಟರಿನಲ್ಲಿ ಅಳೆದು, ಒಕ್ಕೂಟಕ್ಕೆ ಕಿಲೋ ತೂಕದಲ್ಲಿ ಕಳಿಸುವ ಸಂಘವನ್ನು ತೆಗೆದುಕೊಳ್ಳಿ. ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ 28 ಬಂದರೆ ಒಂದು ಲೀಟರ್ ಹಾಲು 1 ಕಿಲೋ 28 ಗ್ರಾಂ ತೂಗುತ್ತದೆ ಎಂದರ್ಥ, ಲೆಕ್ಕಕ್ಕೆ 1.03 ಎಂದು ಇಟ್ಟುಕೊಳ್ಳಿ. ಸಂಘ 500 ಲೀಟರ್ ಕಳಿಸಿದರೆ ಒಕ್ಕೂಟದ ಚೀಟಿಯಲ್ಲಿ ಸುಮಾರು 515 ಕಿಲೋ ಇರಬೇಕು. ಅಲ್ಲಿ 515 ಇದ್ದು ಇಲ್ಲಿ "ಎಲ್ಲಾ ಸರಿಹೋಯ್ತು" ಎಂದು ಸದಸ್ಯರ ಹಾಲು 515 ಲೀಟರೆಂದು ಬರೆದುಕೊಂಡರೆ, ದಿನಕ್ಕೆ 15 ಲೀಟರ್ ಇಲ್ಲದ ಹಾಲಿಗೆ ಯಾರಿಗೋ ಬಟವಾಡೆಯಾಗುತ್ತದೆ.

ಇನ್ನೊಂದು ಮಾದರಿ ಹಾಲು. 120 ಸದಸ್ಯರಿಂದ ಹೊತ್ತಿಗೆ ತಲಾ 50 ಮಿ.ಲೀ. ತೆಗೆದರೆ ಎರಡು ಹೊತ್ತಿಗೆ 12 ಲೀಟರ್, ತಿಂಗಳಿಗೆ 360 ಲೀಟರ್. ಪರೀಕ್ಷೆ ಮುಗಿದು ಉಳಿದ ಹಾಲು ಸಂಘದ ಆಸ್ತಿ. ಅದು ಕ್ಯಾನಿಗೆ ಹೋಯಿತೋ, ಮಾರಾಟವಾಯಿತೋ, ಪ್ರತಿದಿನದ ಪುಸ್ತಕದಲ್ಲಿ ಕಾಣಬೇಕು. "ಸ್ವಲ್ಪ ಹಾಲು ತಾನೇ" ಎಂದು ಬಿಟ್ಟರೆ ವರ್ಷಕ್ಕೆ ನಾಲ್ಕು ಸಾವಿರ ಲೀಟರ್ ದಾಟುತ್ತದೆ.

ಇನ್ನು ಲಾಭದ ಮಾತು. ಮಹಾಸಭೆಯಲ್ಲಿ ಈ ವರ್ಷ ಲಾಭ ಜಾಸ್ತಿ ಬಂದಿದೆ ಎಂದ ಕೂಡಲೇ ಚಪ್ಪಾಳೆ ಬೀಳುತ್ತದೆ. ಲಾಭ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿ. ಒಕ್ಕೂಟದಲ್ಲಿ ಸಂಘದ ಹಾಲಿಗೆ ಸರಾಸರಿ ಫ್ಯಾಟ್ 4.1 ಬಂದು, ಸಂಘದಲ್ಲಿ ಸದಸ್ಯರಿಗೆ ಸರಾಸರಿ 3.8 ಹಾಕಿದ್ದರೆ ಆ ಲಾಭ ತಮ್ಮದೇ ಹಾಲಿನಿಂದ ಕಳೆದದ್ದು. ಅದರಲ್ಲಿ ಕನಿಷ್ಠ ಶೇ. 25 ಕಾಯ್ದೆಯಂತೆ ಮೀಸಲು ನಿಧಿಗೆ ಹೋಗುತ್ತದೆ, ಮಿಕ್ಕಿದ್ದರಲ್ಲಿ ಬೋನಸ್. ಬಟವಾಡೆ ದಿನ ಕೈಗೆ ಬರಬೇಕಾಗಿದ್ದ ಹಣ ವರ್ಷ ಕಳೆದು, ಸವೆದು ಬಂದಂತೆ. ಹೊಳಲ್ಕೆರೆಯ ಅಡಿಕೆ ವರ್ಷಕ್ಕೊಮ್ಮೆ ಹಣ ಕಾಣಿಸುತ್ತದೆ. ಹಿರಿಯೂರು, ಹೊಸದುರ್ಗದ ಕಡೆ ಮಳೆ ಕೈಕೊಟ್ಟ ವರ್ಷ ಶೇಂಗಾ, ತೆಂಗು ಎರಡನ್ನೂ ನಂಬುವಂತಿಲ್ಲ. ಅಂಥ ಮನೆಗಳಿಗೆ ಬಟವಾಡೆಯೇ ದಿನಸಿ, ಶಾಲೆ ಫೀಜು ಎಲ್ಲ.

ಈಗ ಹಣ ನೇರ ಬ್ಯಾಂಕ್ ಖಾತೆಗೆ ಬರುವುದರಿಂದ ಪಾಸ್ ಪುಸ್ತಕ ನೋಡುವುದನ್ನೇ ಬಹಳ ಜನ ಬಿಟ್ಟಿದ್ದಾರೆ. ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶದಲ್ಲಿ ಒಟ್ಟು ಮೊತ್ತವಿರುತ್ತದೆಯೇ ಹೊರತು ಎಷ್ಟು ಲೀಟರ್, ಯಾವ ದಿನ ಎಷ್ಟು ಫ್ಯಾಟ್, ಪಶು ಆಹಾರದ ಬಾಬ್ತು ಎಷ್ಟು ಹಿಡಿದರು ಎಂಬುದಿರುವುದಿಲ್ಲ. ಸರ್ಕಾರದ ಪ್ರೋತ್ಸಾಹಧನ (2008ರಲ್ಲಿ ಲೀಟರಿಗೆ 2 ರೂ. ಇದ್ದದ್ದು 2013ರಲ್ಲಿ 4, 2016ರಲ್ಲಿ 5 ರೂ. ಆಯಿತು) ಲೀಟರ್ ಲೆಕ್ಕದಲ್ಲೇ ಬರುವುದರಿಂದ, ಅರ್ಧ ಲೀಟರ್ ಕಡಿಮೆ ಬರೆದರೂ ನಷ್ಟ ಎರಡು ಕಡೆ.

ನಿರ್ದೇಶಕರಿಗೆ ಎರಡು ಮಾತು. ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿಕೊಟ್ಟು ಊರಿಗೆ ಹೋಗುವ ಅಧ್ಯಕ್ಷರು ಜಂಟಿ ಸಹಿಯ ನಿಯಮವನ್ನೇ ತೆಗೆದುಹಾಕಿದಂತೆ. ತಿಂಗಳಿಗೊಮ್ಮೆ, ಮುಂಚಿತವಾಗಿ ಹೇಳದೆ, ಗೋದಾಮಿನ ಪಶು ಆಹಾರದ ಚೀಲಗಳನ್ನು ಎಣಿಸಿ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಿ. ಹತ್ತು ನಿಮಿಷದ ಕೆಲಸ. ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬಿದ್ದಿದೆಯೇ, ಹಾಲು ಸುರಿಯುವ ಮುಂಚೆ ಸೊನ್ನೆ ತೋರಿಸುತ್ತದೆಯೇ ಎಂಬುದನ್ನು ಸಾಲಿನಲ್ಲಿ ನಿಂತ ಯಾರಾದರೂ ನೋಡಬಹುದು.

ಅನುಮಾನ ಬಂದರೆ ಜಗುಲಿಯ ಮೇಲೆ ಮಾತಾಡಿ ಹೆಸರು ಕೆಡಿಸುವುದಕ್ಕಿಂತ ಮೊದಲು ಆಡಳಿತ ಮಂಡಳಿಗೆ ಬರೆದುಕೊಡಿ. ಅಲ್ಲಿ ಪರಿಹಾರವಾಗದಿದ್ದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಪ್ರಕರಣದಡಿ ವಿಚಾರಣೆಗೆ ಅವಕಾಶವಿದೆ. ದುರುಪಯೋಗ ರುಜುವಾತಾದರೆ 69ನೇ ಪ್ರಕರಣದಂತೆ ಹೊಣೆಗಾರರಿಂದ ವಸೂಲು ಮಾಡಬಹುದು. ಲೆಕ್ಕಪರಿಶೋಧನಾ ವರದಿ ಮಹಾಸಭೆಯ ಮುಂದೆ ಬರುತ್ತದೆ. ಅದರ ನ್ಯೂನತೆಗಳ ಪಟ್ಟಿಯನ್ನು ಓದಿ ಹೇಳಲು ಕೇಳಿ. ಹಿಂದಿನ ವರ್ಷದ್ದೇ ಈ ವರ್ಷವೂ ಇದ್ದರೆ ಯಾಕೆಂದು ಕೇಳಿ.

ಸೆಪ್ಟೆಂಬರ್ ಒಳಗೆ ಸಂಘಗಳ ಮಹಾಸಭೆ ನಡೆಯಬೇಕು. ಸದಸ್ಯತ್ವ ಯಜಮಾನರ ಹೆಸರಿನಲ್ಲಿದ್ದು ದಿನಾ ಡೈರಿಗೆ ಹಾಲು ಹಾಕುವವರು ಮನೆಯ ಹೆಣ್ಣುಮಕ್ಕಳಾಗಿದ್ದರೆ, ಸಭೆಗೆ ಮುಂಚಿನ ರಾತ್ರಿ ಇಬ್ಬರೂ ಕೂತು ಪಾಸ್ ಪುಸ್ತಕ ಓದಿ. ಯಾವ ದಿನ ಎಷ್ಟು ಹಾಲು ಹಾಕಿದೆವು ಎಂಬುದು ಹಾಲು ಕರೆದವರಿಗೇ ಸರಿಯಾಗಿ ನೆನಪಿರುತ್ತದೆ.