‘ಸುಮ್ನೆ ಮನೇಲಿದ್ದೀನಿ’ ಅನ್ನಬೇಡಿ

ಮಗುವಿನ ಶಾಲೆಯ ಅರ್ಜಿ ತುಂಬುವಾಗ ‘ತಾಯಿಯ ಉದ್ಯೋಗ’ ಎಂಬ ಜಾಗಕ್ಕೆ ಬಂದರೆ ಎಷ್ಟೋ ಹೆಂಗಸರ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಯಾರಾದರೂ ಕೇಳಿದರೂ ಅಷ್ಟೇ, ‘ಏನಿಲ್ಲಾರೀ, ಸುಮ್ನೆ ಮನೇಲಿದ್ದೀನಿ’ ಎಂದುಬಿಡುತ್ತೇವೆ. ಬೆಳಿಗ್ಗೆ ಐದೂವರೆಗೆ ಎದ್ದು ಹಾಲು ಕಾಯಿಸಿ, ಡಬ್ಬಿ ಕಟ್ಟಿ, ಕಾಣದ ಸಾಕ್ಸ್ ಹುಡುಕಿಕೊಟ್ಟು, ರಾತ್ರಿ ಜ್ವರದ ಮಗುವಿನ ಹಣೆ ಮುಟ್ಟಿ ನೋಡುತ್ತಾ ಕೂರುವುದು ಸುಮ್ಮನಿರುವುದೇ?

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಇದರ ಲೆಕ್ಕ ಕೊಟ್ಟಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿದರೆ, ಗಂಡಸರು ದುಡಿಯುವುದು 88 ನಿಮಿಷ. ಮಕ್ಕಳು, ಹಿರಿಯರನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ!

ದಣಿವಿಗಿಂತ ಹೆಚ್ಚು ನೋಯಿಸುವುದು ಇನ್ನೊಂದಿದೆ. ‘ಮೊದಲು ದಿನಾ ಸಹಸ್ರನಾಮ ಹೇಳ್ತಿದ್ದೆ ಅಕ್ಕಾ. ಈಗ ದೀಪ ಹಚ್ಚೋಕೂ ಪುರುಸೊತ್ತಿಲ್ಲ. ದೇವರಿಗೂ ಬೇಡವಾದೆ ಅನ್ಸತ್ತೆ’ ಎಂದು ಪಕ್ಕದ ಮನೆಯ ಎಳೆಬಾಣಂತಿ ಮೊನ್ನೆ ಕಣ್ಣೀರಿಟ್ಟಳು. ಅವಳಿಗೆ ನಾನು ಹನ್ನೆರಡನೇ ಶತಮಾನದ ವಚನಕಾರ್ತಿ ಸತ್ಯಕ್ಕನ ವಿಷಯ ಹೇಳಿದೆ. ಶಿವಭಕ್ತರ ಮನೆಯಂಗಳ ಗುಡಿಸುವುದೇ ಅವಳ ಕಾಯಕ. ಕದಿರ ರೆಮ್ಮವ್ವೆಯದು ನೂಲು ತೆಗೆಯುವ ಕಾಯಕ. ಅವರಿಗೆಲ್ಲ ಕೈಯ ಕೆಲಸ ಬೇರೆಯಲ್ಲ, ಭಕ್ತಿ ಬೇರೆಯಲ್ಲ. ಹಾಗೆ ನೋಡಿದರೆ ಮನಸ್ಸಿಟ್ಟು ಮಗುವಿಗೆ ಉಣಿಸುವ ತುತ್ತೂ ನೈವೇದ್ಯವೇ ಅಲ್ಲವೇ?

ಹಾಗಂತ ಎಲ್ಲವನ್ನೂ ಒಬ್ಬಳೇ ಹೊರಬೇಕು ಅಂತಲ್ಲ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕಿದ್ದನ್ನು ತಂದಲ್ಲೇ ಸುರಿದು ಬರುವಂತೆ ಆಯ್ದಕ್ಕಿ ಲಕ್ಕಮ್ಮ ಕಳಿಸಿದ ಕಥೆ ನಿಮಗೂ ಗೊತ್ತು. ಆ ಮನೆಯಲ್ಲಿ ಅವಳ ಮಾತಿಗೆ ತೂಕವಿತ್ತು. ನಿಮ್ಮ ಮಾತಿಗೂ ಇರಲಿ.

• ದಿನಕ್ಕೆ ಹದಿನೈದು ನಿಮಿಷ ನಿಮ್ಮದೇ ಎಂದು ಗೊತ್ತುಮಾಡಿ. ಜಪವೋ, ಓದೋ, ಬಿಸಿ ಕಾಫಿಯೋ, ಅದು ನಿಮ್ಮಿಷ್ಟ. ಅಷ್ಟು ಹೊತ್ತು ಮಗು ಅಪ್ಪನ ಹತ್ತಿರ ಇರಲಿ.

• ಒಂದು ಕೆಲಸವನ್ನು ಯಜಮಾನರಿಗೆ ಪೂರ್ತಿ ಬಿಟ್ಟುಕೊಡಿ. ಅವರು ತೊಳೆದ ಪಾತ್ರೆ ಫಳಫಳ ಅನ್ನದಿದ್ದರೂ ಮತ್ತೆ ತೊಳೆಯಲು ಹೋಗಬೇಡಿ.

• ಪೂಜೆಗೆ ಕೂರಲಾಗದ ದಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಒಂದೇ ಒಂದು ಶ್ಲೋಕ ಹೇಳಿ. ಅಷ್ಟು ಸಾಕು.

• ಹೆರಿಗೆಯಾಗಿ ಎರಡು ವಾರ ಕಳೆದರೂ ಅಳು, ಬೇಸರ ಹೋಗದಿದ್ದರೆ ಅದು ಭಕ್ತಿಯ ಕೊರತೆಯಲ್ಲ, ಕಾಯಿಲೆ ಇರಬಹುದು. ನಾಚಿಕೆಪಡದೆ ವೈದ್ಯರಿಗೆ ಹೇಳಿ. ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೂ ಫೋನ್ ಮಾಡಬಹುದು. ತಾಯಿಯನ್ನು ಮಗುವಿನ ಜೊತೆಗೇ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಮಾಡಿದ್ದಕ್ಕೆಲ್ಲ ಥ್ಯಾಂಕ್ಸ್ ಹೇಳುವವರು ಯಾವ ಮನೆಯಲ್ಲೂ ಇರೋದಿಲ್ಲ. ನಿಮ್ಮ ಬೆಲೆ ಮೊದಲು ನಿಮಗೆ ಗೊತ್ತಿರಲಿ. ಮನೆಯವರಿಗೆ ನಿಧಾನವಾಗಿ ಗೊತ್ತಾದೀತು.