ಅಕ್ಕ ಮೊದಲು ನೋಡುವುದು ಶುಗರ್

ನನ್ನಕ್ಕ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಸ್ಟಾಫ್ ನರ್ಸ್. ಬಿ.ಇ. ಓದುವ ನನಗೆ ಇಂಟರ್ನಲ್ಸ್ ಬಂದರೇ ತಲೆಬಿಸಿ. ಅವಳಿಗೆ ನೈಟ್ ಡ್ಯೂಟಿಯಲ್ಲಿ ಬೈಗುಳ, ತಳ್ಳಾಟ ಮಾಮೂಲು. 'ಗಲಾಟೆ ಮಾಡೋರನ್ನ ಹೇಗೆ ಸಂಭಾಳಿಸ್ತೀಯಕ್ಕ?' ಎಂದು ಕೇಳಿದೆ. 'ಮೊದಲು ಶುಗರ್ ನೋಡ್ತೀನಿ ಕಣೋ' ಎಂದಳು.

ರಕ್ತದಲ್ಲಿ ಸಕ್ಕರೆ ಕುಸಿದರೆ, ತಲೆಗೆ ಪೆಟ್ಟಾದರೆ, ಆಮ್ಲಜನಕ ಕಡಿಮೆಯಾದರೆ ಮನುಷ್ಯ ಕುಡಿದವನಂತೆ ತೊದಲಬಹುದು, ಹೊಡೆಯಲೂ ಬರಬಹುದು. ಕುಡುಕನೆಂದು ಮೂಲೆಯಲ್ಲಿ ಮಲಗಿಸಿದರೆ ಜೀವವೇ ಹೋದೀತು. ಹಾಗಂತ ಅಕ್ಕ ಮೈಮರೆಯುವುದಿಲ್ಲ. ಕೈಗೆ ಸಿಗದಷ್ಟು ದೂರ, ಬಾಗಿಲಿಗೆ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಾಳೆ. ಪರಿಸ್ಥಿತಿ ಕೈಮೀರಿದರೆ ಒಬ್ಬಳೇ ಹೆಣಗದೆ ಸೆಕ್ಯುರಿಟಿಯವರನ್ನು ಕರೆಯುತ್ತಾಳೆ.

ಅರಿವಿಲ್ಲದ ರೋಗಿಯ ಏಟನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನೋವಾಗುವುದು, 'ನಾವು ಮೊದಲು ಬಂದಿದ್ದು' ಎಂದು ಜೊತೆಗೆ ಬಂದವರು ಕೈಯೆತ್ತಿದಾಗ. ತುರ್ತು ವಿಭಾಗದಲ್ಲಿ ಮೊದಲ ಚಿಕಿತ್ಸೆ ಹೆಚ್ಚು ಅಪಾಯದಲ್ಲಿರುವವರಿಗೆ. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ. ನರ್ಸ್‌ಗಳಿಗೂ ಅದರ ರಕ್ಷಣೆಯಿದೆ.

ಬೈಕಿನಿಂದ ಬಿದ್ದ ಗೆಳೆಯನ ಹಿಂದೆ ಹತ್ತು ಜನ ನುಗ್ಗುವವರು ನಾವೇ ಅಲ್ಲವೇ? ಒಬ್ಬರು ಒಳಗಿದ್ದು, ಏನಾಯಿತೆಂದು ಸರಿಯಾಗಿ ಹೇಳಿದರೆ ಸಾಕು. ಉಳಿದವರು ಹೊರಗೆ ಕಾಯೋಣ.